ಮೇಜಿನಡಿಯ ಮೌಸ್ ಡಬ್ಬಿ

ಬೀದಿಯವರೆಲ್ಲ ಅವಳನ್ನು ಕರೆಯುತ್ತಿದ್ದುದು ತಕ್ಕಡಿ ಅಕ್ಕ ಎಂದು. ಇಪ್ಪತ್ತೆಂಟು ವರ್ಷದಿಂದ ಎಲೆಕ್ಟ್ರಾನಿಕ್ ತಕ್ಕಡಿ ರಿಪೇರಿ ಮಾಡುತ್ತಿದ್ದಳು. ಮನೆಯ ಮುಂದಿನ ಕೋಣೆಯೇ ಅಂಗಡಿ. ತರಕಾರಿಯವರ, ದಿನಸಿಯವರ, ಹಳೇ ಪೇಪರ್ ಕೊಳ್ಳುವವರ ತಕ್ಕಡಿಗಳು ಗೋಡೆಯುದ್ದಕ್ಕೂ ಸಾಲಾಗಿ ಕೂತಿರುತ್ತಿದ್ದವು, ಆಸ್ಪತ್ರೆಯಲ್ಲಿ ಚೀಟಿ ಹಿಡಿದು ಕಾಯುವವರ ಹಾಗೆ. ಅಕ್ಕನ ವಯಸ್ಸು ಐವತ್ತಾರು. ಮೂಗಿನ ತುದಿಯಲ್ಲಿ ಕನ್ನಡಕ, ಕಿವಿಯ ಹಿಂದೆ ಸಣ್ಣ ಸ್ಕ್ರೂಡ್ರೈವರ್, ಬಾಯಲ್ಲಿ ಸದಾ ಯಾವುದೋ ಹಾಡಿನ ಅರ್ಧ ಸಾಲು. ರಿಪೇರಿಯಲ್ಲಿ ಎತ್ತಿದ ಕೈ. ಚೇಷ್ಟೆಯಲ್ಲಿ ಅದಕ್ಕಿಂತ ಒಂದು ಕೈ ಮೇಲು.

ಒಂದು ಸಲ ಹಣ್ಣಿನಂಗಡಿಯವನೊಬ್ಬ ಬಂದು, ಆ ಕಡೆ ಈ ಕಡೆ ನೋಡಿ, "ಅಕ್ಕ, ಕೆಜಿಗೆ ಐವತ್ತು ಗ್ರಾಂ ಹೆಚ್ಚು ತೋರಿಸೋ ಹಾಗೆ ಮಾಡ್ಕೊಡ್ತೀರಾ? ನಮ್ಮಿಬ್ಬರಲ್ಲೇ ಇರ್ಲಿ" ಎಂದು ಪಿಸುಗುಟ್ಟಿದ. "ಅದಕ್ಕೇನಂತೆ, ಬಿಟ್ಟು ಹೋಗಿ" ಎಂದಳು. ಮಾಡಿಯೂ ಕೊಟ್ಟಳು, ಆದರೆ ಉಲ್ಟಾ. ಮೂರು ವಾರ ಆ ಮಹಾನುಭಾವ ಬಂದವರಿಗೆಲ್ಲ ಕೆಜಿಗೆ ಐವತ್ತು ಗ್ರಾಂ ಧಾರಾಳವಾಗಿ ಹೆಚ್ಚು ಕೊಟ್ಟ. ಅಂಗಡಿಯ ಮುಂದೆ ಜನ ಸಾಲುಗಟ್ಟಿದರು. ಆಮೇಲೆ ಅವಳು ಸರ್ವಿಸಿನ ನೆಪದಲ್ಲಿ ತಕ್ಕಡಿ ತರಿಸಿಕೊಂಡು ಸರಿಮಾಡಿ ಕಳಿಸಿದಳು. ಆ ಮೂರು ವಾರದ ಭರಾಟೆ ತನ್ನ ಮಾತಿನ ಮೋಡಿಯಿಂದ ಆದದ್ದೆಂದು ಅವನು ಇವತ್ತಿಗೂ ನಂಬಿದ್ದಾನೆ.

ಇಂಥವಳ ಯಜಮಾನರು ಶುದ್ಧ ವಿರುದ್ಧ. ಪ್ರೆಸ್ಸಿನಲ್ಲಿ ಕರಡು ತಿದ್ದುತ್ತಿದ್ದವರು, ನಿವೃತ್ತರಾದ ಮೇಲೂ ತಿದ್ದುವ ಚಾಳಿ ಬಿಡಲಿಲ್ಲ. ದಿನಸಿ ಚೀಟಿಯಲ್ಲಿ ಅವಳು 'ಉಪ್ಪು' ಎಂದು ಅವಸರದಲ್ಲಿ ಗೀಚಿದರೆ ಒತ್ತಕ್ಷರ ಸರಿಯಾಗಿ ಬರೆದೇ ಚೀಟಿ ಜೇಬಿಗಿಡುವರು. ಇಪ್ಪತ್ತಾರು ವರ್ಷದಿಂದ ಒಂದು ಪತ್ರಿಕೆಯ ಭಾನುವಾರದ ಪುರವಣಿಗೆ ಪದಬಂಧ ಮಾಡಿಕೊಡುತ್ತಿದ್ದರು. ಅಚ್ಚಾಗುವ ದಿನಕ್ಕಿಂತ ಹದಿನೈದು ದಿನ ಮೊದಲೇ ಕಳಿಸಬೇಕು. ಕಂಪ್ಯೂಟರಿನಲ್ಲಿ ಚೌಕ ಹಾಕಿ, ಮೌಸಿನಿಂದ ಒಂದೊಂದೇ ಮನೆ ಕಪ್ಪು ಮಾಡಿ, ಸಂಖ್ಯೆ ಎಳೆದು ಕೂರಿಸಬೇಕು. ಭಾನುವಾರ ಬೆಳಿಗ್ಗೆ ಅದನ್ನು ಬಿಡಿಸುವುದು ಅಕ್ಕನ ಹಕ್ಕು. ಮಾಡುವಾಗ ಇಣುಕಿ ನೋಡಬಾರದು. ಅದು ಮನೆಯ ಕಟ್ಟುನಿಟ್ಟು.

ಒಂದು ಸೋಮವಾರ ಪುರವಣಿ ನೋಡಿಕೊಳ್ಳುವ ಮೇಡಂ ಫೋನ್ ಮಾಡಿದರು. ಯಜಮಾನರ ಕಿವಿ ಸ್ವಲ್ಪ ಮಂದ, ಆದ್ದರಿಂದ ಸ್ಪೀಕರ್ ಹಾಕಿಯೇ ಮಾತು. ಮುಂದಿನ ಕೋಣೆಗೂ ಕೇಳುತ್ತಿತ್ತು.

"ಸರ್, ನಿನ್ನೆಯ ಪದಬಂಧದಲ್ಲಿ ಮೂರಕ್ಷರದ ಉತ್ತರಕ್ಕೆ ನಾಲ್ಕು ಮನೆ ಇತ್ತು."

"ಇರೋಕೆ ಸಾಧ್ಯವೇ ಇಲ್ಲ."

"ಇತ್ತು ಸರ್. ಕಪ್ಪು ಆಗ್ಬೇಕಾದ ಮನೆ ಬಿಟ್ಟು ಪಕ್ಕದ್ದು ಕಪ್ಪಾಗಿತ್ತು. ಹೋದ ತಿಂಗಳೂ ಒಂದು ಸಲ ಹಾಗೇ ಆಗಿತ್ತು, ನಾವೇ ಸರಿಮಾಡಿದ್ವಿ." ಮೇಡಂ ಮೆತ್ತಗೆ ಸೇರಿಸಿದರು. "ನಿಮಗೆ ಬೇಕಾದ್ರೆ ಕೆಲವು ದಿನ ವಿಶ್ರಾಂತಿ ತಗೊಳ್ಳಿ ಸರ್. ಹೊಸಬರು ಯಾರಾದ್ರೂ ಮಾಡ್ತಾರೆ."

ಯಜಮಾನರು ಫೋನಿಟ್ಟರು. ಆಮೇಲೆ ಎದ್ದು ಚಪ್ಪಲಿ ಮೆಟ್ಟಿದರು.

"ಎಲ್ಲಿಗೆ?" ಎಂದಳು ಅಕ್ಕ.

"ಹೊಸ ಮೌಸ್ ತರೋಕೆ. ಇದು ಕೆಟ್ಟಿದೆ. ಪರದೆ ಮೇಲಿನ ಬಾಣ ಒಂದು ಕಡೆ ನಿಲ್ಲೋದೇ ಇಲ್ಲ."

ಹೊಸ ಮೌಸ್ ಬಂತು. ಅದೂ ನಿಲ್ಲಲಿಲ್ಲ. ಅದನ್ನು ವಾಪಸ್ ಕೊಟ್ಟು ಇನ್ನೊಂದು ತಂದರು. ಅದಕ್ಕೂ ಬೈಗುಳ ಬಿತ್ತು. ಅಕ್ಕನಿಗೆ ಗೊತ್ತಿತ್ತು, ಕೆಟ್ಟಿರುವುದು ಮೌಸಲ್ಲ. ಯಜಮಾನರು ಕಾಫಿ ಲೋಟ ಅರ್ಧಕ್ಕೆ ಮಾತ್ರ ತುಂಬಿಸಿಕೊಳ್ಳತೊಡಗಿ ನಾಲ್ಕು ತಿಂಗಳಾಗಿತ್ತು. ಯಾರಾದರೂ ಬಂದರೆ ಬಲಗೈ ಮೇಲೆ ಎಡಗೈ ಇಟ್ಟು ಕೂರುತ್ತಿದ್ದರು. ಸಹಿ ಹಾಕುವಾಗ ಮಾತ್ರ ಎಲ್ಲಿಲ್ಲದ ಕೆಮ್ಮು ಬರುತ್ತಿತ್ತು.

"ರೀ, ಒಂದ್ಸಲ ಡಾಕ್ಟರಿಗೆ ಕೈ ತೋರಿಸಿ ಬರೋಣ್ವಾ?"

"ಕೈಗೇನಾಗಿದೆ? ಕಲ್ಲಿದ್ದ ಹಾಗಿದೆ. ಮೌಸೇ ಸರಿಯಿಲ್ಲ ಅಂತ ಎಷ್ಟು ಸಲ ಹೇಳ್ಬೇಕು ನಿನಗೆ?"

ಅಕ್ಕ ಅಂಗಡಿಗೆ ಬಂದಳು. ಮೇಜಿನ ಮೇಲೆ ತರಕಾರಿಯವಳ ತಕ್ಕಡಿ ಬಿಚ್ಚಿ ಬಿದ್ದಿತ್ತು. ಆಲೂಗಡ್ಡೆ ಬುಟ್ಟಿ ಧಡಾರನೆ ಬಿದ್ದಾಗ ತಟ್ಟೆ ನಡುಗುತ್ತದೆ, ಅಂಕಿ ಕುಣಿಯುತ್ತದೆ. ಒಳಗಿನ ಚಿಪ್ ಆ ಕುಣಿತವನ್ನೆಲ್ಲ ಸೆಕೆಂಡಿಗೆ ಹತ್ತಾರು ಸಲ ಓದಿ, ಸರಾಸರಿ ತೆಗೆದು, ನಿಜವಾದ ತೂಕವನ್ನಷ್ಟೇ ಹೊರಗೆ ಹೇಳುತ್ತದೆ. ಕುಣಿಯುವ ಅಂಕಿಯನ್ನು ಸುಮ್ಮನಿರಿಸುವುದೇ ಅವಳ ಜೀವಮಾನದ ಕಸುಬು. ಆಲೂಗಡ್ಡೆಗೆ ಮಾಡಿದ್ದನ್ನು ಗಂಡನಿಗೆ ಯಾಕೆ ಮಾಡಬಾರದು?

ಮೌಸಿಗೂ ಕಂಪ್ಯೂಟರಿಗೂ ನಡುವೆ ಒಂದು ಡಬ್ಬಿ ಕೂರಿಸಬೇಕು. ಮೌಸ್ ಹೇಳಿದ್ದನ್ನು ಡಬ್ಬಿ ಕೇಳಿಸಿಕೊಂಡು, ಅದರಲ್ಲಿನ ನಡುಕ ಸೋಸಿ, ಉಳಿದದ್ದನ್ನು ತಾನೇ ಮೌಸ್ ಎಂಬಂತೆ ಕಂಪ್ಯೂಟರಿಗೆ ಒಪ್ಪಿಸಬೇಕು. ಯಜಮಾನರಿಗೆ ಗೊತ್ತೇ ಆಗಬಾರದು.

ಬೆರಳುದ್ದದ ಒಂದು ಮೈಕ್ರೋಕಂಟ್ರೋಲರ್ ಬೋರ್ಡು, ಅಂದರೆ ಪುಟಾಣಿ ಕಂಪ್ಯೂಟರು, ಅವಳ ಡ್ರಾಯರಿನಲ್ಲೇ ಇತ್ತು. ಹತ್ತು ವರ್ಷದಿಂದ ತಕ್ಕಡಿಗಳ ಹೊಟ್ಟೆಯಲ್ಲೂ ಅದರ ಅಣ್ಣತಮ್ಮಂದಿರೇ ಇರುವುದರಿಂದ ಅದಕ್ಕೆ ಪ್ರೋಗ್ರಾಂ ಬರೆಯುವುದೂ ಅವಳಿಗೆ ಬರುತ್ತಿತ್ತು. ಆದರೆ ಯುಎಸ್‌ಬಿಯ ಮನೆತನವೇ ಬೇರೆ. ಅಲ್ಲಿ ಕಂಪ್ಯೂಟರ್ ಕೇಳಬೇಕು, ಮೌಸ್ ಉತ್ತರ ಹೇಳಬೇಕು. ಮೌಸ್ ತಾನಾಗಿ ಬಾಯಿ ಬಿಡುವ ಹಾಗಿಲ್ಲ. "ಏನಾದರೂ ಸರಿದೆಯಾ?" ಎಂದು ಕಂಪ್ಯೂಟರ್ ಸೆಕೆಂಡಿಗೆ ನೂರಿಪ್ಪತ್ತೈದು ಸಲ ವಿಚಾರಿಸುತ್ತದೆ; "ಬಲಕ್ಕೆ ಮೂರು, ಮೇಲಕ್ಕೆ ಒಂದು, ಎಡಗುಂಡಿ ಒತ್ತಿದೆ" ಎಂದು ಮೌಸ್ ತಲೆತಗ್ಗಿಸಿ ವರದಿ ಒಪ್ಪಿಸುತ್ತದೆ. ಈಗ ಅವಳ ಬೋರ್ಡು ಒಂದು ಬದಿಗೆ ಮೌಸನ್ನು ಗದರಿಸಿ ವಿಚಾರಿಸಬೇಕು, ಇನ್ನೊಂದು ಬದಿಗೆ ಕಂಪ್ಯೂಟರಿಗೆ ವಿನಯದಿಂದ ಜವಾಬು ಕೊಡಬೇಕು. ಅಂದರೆ ಒಂದೇ ಮೈಯಲ್ಲಿ ಅತ್ತೆಯೂ ಸೊಸೆಯೂ ಸಂಸಾರ ಮಾಡಬೇಕು.

ಯಜಮಾನರು ದಿನಾ ಸಂಜೆ ನಾಲ್ಕಕ್ಕೆ ಗ್ರಂಥಾಲಯಕ್ಕೆ ಹೋದರೆ ಆರಕ್ಕೆ ಬರುವುದು. ಆ ಎರಡು ಗಂಟೆ ಅವಳ ಪಾಲಿಗೆ ಸಿಕ್ಕಿತು. ಮೊದಲ ದಿನ ಮೌಸಿನ ಹೊಟ್ಟೆಯ ಕೆಂಪು ದೀಪವೇ ಹತ್ತಲಿಲ್ಲ. ಅತ್ತೆಯ ಕಡೆಯಿಂದ ಅದಕ್ಕೆ ಐದು ವೋಲ್ಟು ಹೋಗಿರಲಿಲ್ಲ. ಸೊಸೆಯ ಕಡೆಯಿಂದ ಒಂದು ತಂತಿ ಎಳೆದುಕೊಟ್ಟಳು. ಎರಡನೆಯ ದಿನ ದೀಪ ಹತ್ತಿತು, ಮೌಸ್ ಮಾತ್ರ ಮೂಗಿಯ ಹಾಗೆ ಕೂತಿತು. ಭೂತಗನ್ನಡಿ ಹಿಡಿದು ನೋಡಿದರೆ ಹಸಿರು ತಂತಿಯ ಜಾಗದಲ್ಲಿ ಬಿಳಿ, ಬಿಳಿಯ ಜಾಗದಲ್ಲಿ ಹಸಿರು. ಇಪ್ಪತ್ತೆಂಟು ವರ್ಷ ಬೆಸುಗೆ ಹಾಕಿದ ಕೈ! ತನ್ನ ತಲೆಗೆ ತಾನೇ ಒಂದು ಮೊಟಕಿ ಬದಲಾಯಿಸಿದಳು. ಮೂರನೆಯ ದಿನ ಬಾಣ ಓಡಾಡಿತು. ಅವಳು ಕೂತಲ್ಲೇ ಒಂದು ಸುತ್ತು ಭುಜ ಕುಣಿಸಿದಳು. ಆಮೇಲೆ ನೋಡಿದರೆ ಮೌಸಿನ ಚಕ್ರ ತಿರುಗಿಸಿದರೆ ಪುಟ ಸರಿಯುತ್ತಿಲ್ಲ. ಚಕ್ರದ ಸುದ್ದಿಯನ್ನು ಮೌಸ್ ಹೇಳುತ್ತಿತ್ತು, ಅತ್ತೆ ಕೇಳಿಸಿಕೊಳ್ಳುತ್ತಿರಲಿಲ್ಲ. ಅದಕ್ಕೆ ಮತ್ತೆರಡು ದಿನ.

ಸೋಸುವ ಕೆಲಸ ಇನ್ನೂ ನಾಜೂಕು. ಹೆಚ್ಚು ಸೋಸಿದರೆ ಬಾಣ ಊಟವಾದ ಮೇಲಿನ ಗುಮಾಸ್ತನ ಹಾಗೆ ತೂಕಡಿಸುತ್ತ ಬರುತ್ತದೆ. ಕಡಿಮೆ ಸೋಸಿದರೆ ನಡುಕ ಉಳಿಯುತ್ತದೆ. ಪರೀಕ್ಷೆಗೆ ತನ್ನ ಕೈಯನ್ನೇ ಗಂಡನ ಕೈಯ ಹಾಗೆ ನಡುಗಿಸುತ್ತ ಕೂತಿದ್ದಾಗ ದಿನಸಿಯವನು ತಕ್ಕಡಿ ಒಯ್ಯಲು ಬಂದ.

"ಅಯ್ಯೋ ಅಕ್ಕ! ಕರೆಂಟ್ ಹೊಡೀತಾ?"

"ಇಲ್ಲಪ್ಪ, ಪ್ರಾಕ್ಟೀಸು" ಎಂದಳು, ಕೈ ನಿಲ್ಲಿಸದೆ. ಅವನು ತಕ್ಕಡಿಯನ್ನು ಅಪ್ಪಿಕೊಂಡು, ಹಿಂದೆ ನೋಡದೆ ಹೊರಟುಹೋದ.

ಕಡೆಗೆ ಸರಿಯಾದ ಹದ ಸಿಕ್ಕಿತು. ಸೆಕೆಂಡಿಗೆ ಐದಾರು ಸಲ ಅತ್ತಿತ್ತ ಹೋಗುವುದನ್ನೆಲ್ಲ ಡಬ್ಬಿ ನುಂಗುತ್ತದೆ. ಒಂದೇ ದಿಕ್ಕಿಗೆ ಹೋಗುವುದನ್ನು ಬಿಡುತ್ತದೆ. ಗುಂಡಿ ಒತ್ತುವ ಕ್ಷಣಕ್ಕೆ ಬಾಣವನ್ನು ಅಲ್ಲಲ್ಲೇ ಹಿಡಿದು ನಿಲ್ಲಿಸುತ್ತದೆ. ಬೆರಳು ನಡುಗಿ ಎರಡು ಸಲ ಒತ್ತಿದರೆ ಒಂದೇ ಎಂದು ಲೆಕ್ಕ ಹಿಡಿಯುತ್ತದೆ. ಬೋರ್ಡನ್ನು ಹಳೆಯ ತಕ್ಕಡಿಯ ಬ್ಯಾಟರಿ ಡಬ್ಬಿಯೊಳಗೆ ಕೂರಿಸಿದಳು. ಯಜಮಾನರು ಮೂರನೆಯ ಮೌಸ್ ತಂದ ದಿನ, "ಕೊಡಿ, ನಾನು ಹಾಕಿಕೊಡ್ತೀನಿ. ವೈರ್ ಗಿಡ್ಡ, ಉದ್ದ ಮಾಡ್ತೀನಿ" ಎಂದು ಮೇಜಿನ ಕೆಳಗೆ ನುಸುಳಿ, ಡಬ್ಬಿಯನ್ನು ಹಲಗೆಯ ಅಡಿಗೆ ಟೇಪಿನಿಂದ ಅಂಟಿಸಿ ಬಂದಳು.

ಬಾಣ ಹೋಗಿ ನಿಂತಲ್ಲಿ ನಿಂತಿತು. ಯಜಮಾನರು ಒಂದು ಮನೆ ಕಪ್ಪು ಮಾಡಿದರು. ಇನ್ನೊಂದು. ಮತ್ತೊಂದು. ಅಷ್ಟೂ ಸರಿಯಾದ ಜಾಗದಲ್ಲೇ.

ಅಕ್ಕ ಬಾಗಿಲ ಮರೆಯಲ್ಲಿ ನಿಂತು ನೋಡಿದಳು. ಇಷ್ಟಕ್ಕೇ ಮುಗಿದಿದ್ದರೆ ಅವಳು ಪುಣ್ಯಾತ್ಮಳೆನಿಸಿಕೊಳ್ಳುತ್ತಿದ್ದಳೇನೋ. ಆದರೆ ಯಜಮಾನರು ಸುಮ್ಮನಿರಬೇಕಲ್ಲ!

"ನೋಡಿದ್ಯಾ? ನಾನು ಹೇಳ್ಲಿಲ್ವಾ? ನನ್ನ ಕೈ ಕಲ್ಲು ಅಂತ. ಡಾಕ್ಟರಂತೆ ಡಾಕ್ಟರು! ನಿನ್ನ ಮಾತು ಕೇಳಿದ್ರೆ ಇಷ್ಟು ಹೊತ್ತಿಗೆ ಸೂಜಿ ಚುಚ್ಚಿಸ್ಕೊಂಡು ಮಲಗಿರ್ತಿದ್ದೆ." ಊಟಕ್ಕೆ ಕೂತಾಗಲೂ ಅದೇ. ತರಕಾರಿಯವಳ ಮುಂದೆಯೂ ಅದೇ. ನೆಂಟರಿಗೆ ಫೋನ್ ಮಾಡಿ, "ಕೆಲವರಿಗೆ ಗಂಡನ ಕೈ ಮೇಲೆ ನಂಬಿಕೆನೇ ಇಲ್ಲ" ಎಂದು ಅವಳಿಗೆ ಕೇಳುವ ಹಾಗೆ ಹೇಳಿದರು.

ಒಂದು ವಾರ ತಡೆದುಕೊಂಡಳು. ಎಂಟನೆಯ ದಿನ ಅವಳೊಳಗಿನ ಹಣ್ಣಿನಂಗಡಿಯ ತಕ್ಕಡಿ ಮಿಸುಕಾಡಿತು. ಸಂಜೆ ನಾಲ್ಕಕ್ಕೆ ಡಬ್ಬಿ ಬಿಚ್ಚಿ ಪ್ರೋಗ್ರಾಮಿಗೆ ನಾಲ್ಕು ಸಾಲು ಸೇರಿಸಿದಳು. ನೆಪಕ್ಕೇನೂ ಕಡಿಮೆಯಿರಲಿಲ್ಲ. ಯಜಮಾನರು ಕಂಪ್ಯೂಟರಿಗೆ ಕೂತರೆ ಮೂರು ಗಂಟೆ ಏಳುತ್ತಿರಲಿಲ್ಲ. ಗಂಟೆಗೊಮ್ಮೆ ಎದ್ದು ಓಡಾಡಿದರೆ ಸೊಂಟಕ್ಕೂ ಒಳ್ಳೆಯದು.

ಮರುದಿನ ಹನ್ನೊಂದು ಗಂಟೆಗೆ ಒಳಗಿನಿಂದ ಕೂಗು ಬಂತು.

"ಇವಳೇ! ಬಾ ಇಲ್ಲಿ! ಬಾಣ ಓಡಿ ಹೋಗ್ತಾ ಇದೆ!"

ಅಕ್ಕ ಒಳಗೆ ಬಂದಳು. ಬಾಣ ಮೆಲ್ಲಗೆ, ಯಾರೂ ಕರೆಯದ ಮನೆಯಿಂದ ಎದ್ದು ಹೋಗುವವರ ಹಾಗೆ, ಮೇಲಿನ ಮೂಲೆಗೆ ಜಾರುತ್ತಿತ್ತು. ಯಜಮಾನರು ಎಳೆದು ತಂದರೆ ಮತ್ತೆ ಹೊರಡುತ್ತಿತ್ತು.

"ಮೌಸಿಗೆ ಬಿಸಿಯಾಗಿರ್ಬೇಕು ರೀ. ಹತ್ತು ನಿಮಿಷ ಕೈ ಬಿಡಿ, ಒಂದು ಸುತ್ತು ಓಡಾಡಿ ಬನ್ನಿ" ಎಂದಳು ಗಂಭೀರವಾಗಿ. ಅವರು ಓಡಾಡಿ ಬಂದರು. ಬಾಣ ತೆಪ್ಪಗಿತ್ತು. ಅಂಗಡಿಯಲ್ಲಿ ಅಕ್ಕ ತಕ್ಕಡಿಯ ಮರೆಯಲ್ಲಿ ಬಾಯಿಗೆ ಸೆರಗು ಒತ್ತಿ ನಕ್ಕಳು.

ಅಲ್ಲಿಂದ ಅವಳಿಗೆ ರುಚಿ ಹತ್ತಿತು. ಯಜಮಾನರು ಯಾರ ಮುಂದಾದರೂ ಕೈಯ ಪ್ರತಾಪ ಕೊಚ್ಚಿದರೆ, ಆ ಸಂಜೆ ಒಂದು ಹೊಸ ಸಾಲು. ಒಮ್ಮೆ ಬಾಣ ಸುಮ್ಮನಿದ್ದಾಗ ತನ್ನ ಸುತ್ತ ತಾನೇ ಒಂದು ಸೊನ್ನೆ ಸುತ್ತಿತು. ಇನ್ನೊಮ್ಮೆ ಚಕ್ರ ಕೆಳಕ್ಕೆ ತಿರುಗಿಸಿದರೆ ಪುಟ ಮೇಲಕ್ಕೆ ಹೋಯಿತು. ಪದಬಂಧದ ಕೆಲಸ ಕೆಡದ ಹಾಗೆ ಮಾತ್ರ ಎಚ್ಚರವಿತ್ತು. ಚೇಷ್ಟೆಗೂ ಒಂದು ಧರ್ಮ ಉಂಟಲ್ಲ. ಯಜಮಾನರ ಬೊಬ್ಬೆ ದಿನದಿನಕ್ಕೆ ಜೋರಾಯಿತು. "ಅಯ್ಯಯ್ಯೋ, ದೆವ್ವ ಹೊಕ್ಕಿದೆ ಕಣೇ!" ಎಂದು ಎರಡು ಕೈ ಮೇಲೆತ್ತಿ ಅಂಗಳದ ತನಕ ಓಡಿಬರುವರು. ಇಷ್ಟು ಚೆನ್ನಾಗಿ ಹೆದರುವ ಗಂಡ ಸಿಕ್ಕಿದ್ದು ತನ್ನ ಭಾಗ್ಯವೆಂದುಕೊಂಡಳು. ಮೂರು ವಾರ ಹೀಗೇ ಸಾಗಿತು.

ಒಂದು ಭಾನುವಾರ ಬೆಳಿಗ್ಗೆ ಅಕ್ಕ ಕಾಫಿ ಹಿಡಿದು, ಪೆನ್ಸಿಲ್ ಚೂಪು ಮಾಡಿಕೊಂಡು ಪುರವಣಿ ತೆರೆದಳು. ಯಜಮಾನರು ಎದುರು ಕುರ್ಚಿಯಲ್ಲಿ ಮುಖ್ಯ ಪತ್ರಿಕೆ ಅಗಲಿಸಿ ಮುಖ ಮುಚ್ಚಿಕೊಂಡಿದ್ದರು.

ಎಡದಿಂದ ಬಲಕ್ಕೆ ಮೊದಲ ಸುಳಿವು: 'ಮೇಜಿನ ಕೆಳಗೆ ಅಡಗಿ ಕೂತು ಹಸಿರು ಕಣ್ಣು ಮಿಟುಕಿಸುತ್ತದೆ.' ಎರಡಕ್ಷರ. ಇದೇನು ಮಹಾ ಎಂದು 'ಬೆಕ್ಕು' ಬರೆದಳು. ಮೇಲಿನಿಂದ ಕೆಳಕ್ಕೆ, 'ಮರಗೆಲಸದವನು', ಮೂರಕ್ಷರ. ಬಡಗಿ. ಆದರೆ ಅದರ ನಡುವಿನ 'ಡ' ಸರಿಯಾಗಿ ಬೆಕ್ಕಿನ ತಲೆಯ ಮೇಲೆ ಬಂದು ಕೂತಿತು. ಬೆಕ್ಕನ್ನು ಅಳಿಸಿದಳು. ಡಕಾರದಿಂದ ಶುರುವಾಗುವ, ಮೇಜಿನ ಕೆಳಗೆ ಕೂರುವ, ಹಸಿರು ಕಣ್ಣಿನ...

ಅವಳ ಕೈಯಲ್ಲಿನ ಕಾಫಿ ಲೋಟ ಅಲ್ಲೇ ನಿಂತಿತು. ಅವಳ ಬೋರ್ಡಿನ ಮೇಲೆ ಒಂದು ಪುಟ್ಟ ಹಸಿರು ದೀಪವಿತ್ತು. ಡಬ್ಬಿಯ ಸಂದಿಯಿಂದ ಅದು ಮಿನುಗುತ್ತದೆಂದು ಅವಳು ಯೋಚಿಸಿರಲೇ ಇಲ್ಲ.

'ಡಬ್ಬಿ' ಎಂದು ಬರೆದಳು.

ಮುಂದಿನದು: 'ಬಿಲ್ಲಿಲ್ಲ, ಆದರೂ ಗಂಟೆಗೊಮ್ಮೆ ತಾನಾಗಿ ಓಡುತ್ತದೆ.' ಎರಡಕ್ಷರ. ಬಾಣ. 'ಸೀಸ ಕರಗಿಸಿ ಸಂಸಾರ ಅಂಟಿಸುವ ವಿದ್ಯೆ,' ಮೂರಕ್ಷರ. ಬೆಸುಗೆ. 'ಗೊತ್ತಿದ್ದೂ ಗೊತ್ತಿಲ್ಲದವನ ಹಾಗೆ ಕೂತಿರುವ ಮನೆಯವನು,' ಎರಡಕ್ಷರ. ಅವಳು ತಲೆಯೆತ್ತಿದಳು. ಎದುರಿನ ಪತ್ರಿಕೆ ಅಲುಗುತ್ತಿತ್ತು. ಅದು ಕೈಯ ನಡುಕವಲ್ಲ, ಹೊಟ್ಟೆಯ ನಗು. 'ಗಂಡ' ಎಂದು ಬರೆದಳು.

ಕಡೆಯದೊಂದು ಉಳಿದಿತ್ತು. 'ಮೌಸ್ ಸರಿಯಿಲ್ಲ ಎಂದವನು ಮುಚ್ಚಿಟ್ಟದ್ದು.' ಮೂರಕ್ಷರ.

ಅದನ್ನು ಬರೆಯಲು ಅವಳಿಗೆ ಸ್ವಲ್ಪ ಹೊತ್ತು ಹಿಡಿಯಿತು. ನ, ಡು, ಕ. ಮೂರು ಮನೆ, ಮೂರಕ್ಷರ, ಸರಿಯಾಗಿ ಕೂತವು.

"ರೀ" ಎಂದಳು.

ಪತ್ರಿಕೆ ಕೆಳಗಿಳಿಯಿತು. "ಮುಗೀತಾ?"

"ಯಾವತ್ತು ಗೊತ್ತಾಯ್ತು?"

"ಇದನ್ನ ಕಳಿಸಿ ಹದಿನೈದು ದಿನ ಆಯ್ತಲ್ಲ. ಅದಕ್ಕೆ ಮೂರು ದಿನ ಮುಂಚೆ."

ಅಕ್ಕ ಬೆರಳು ಮಡಚಿ ಎಣಿಸಿದಳು. ಬಾಣ ಓಡಿದ್ದು, ಸೊನ್ನೆ ಸುತ್ತಿದ್ದು, ಪುಟ ಉಲ್ಟಾ ಹೋದದ್ದು. "ಹಾಗಾದ್ರೆ ಅಂಗಳಕ್ಕೆ ಓಡಿ ಬಂದು ದೆವ್ವ ದೆವ್ವ ಅಂದಿದ್ದು?"

"ಚೆನ್ನಾಗಿತ್ತಾ? ಕೈ ಎತ್ತಿದ್ದು ಸ್ವಲ್ಪ ಅತಿಯಾಯ್ತೇನೋ ಅಂತ ನನಗೇ ಅನ್ನಿಸ್ತು."

"ಥೂ, ನಿಮ್ಮ!" ಎಂದು ಪೆನ್ಸಿಲ್ ಎಸೆದಳು. ಅವರಿಗೆ ತಾಗಲಿಲ್ಲ. ಇಬ್ಬರೂ ಕಣ್ಣಲ್ಲಿ ನೀರು ಬರುವ ತನಕ ನಕ್ಕರು. ನಗು ಇಳಿದ ಮೇಲೆ ಯಜಮಾನರು ಬಲಗೈಯನ್ನು ತೊಡೆಯ ಮೇಲೆ ಬಿಡಿಯಾಗಿ ಇಟ್ಟರು. ಮೇಲೆ ಎಡಗೈ ಇಡಲಿಲ್ಲ. ಕೈ ತನ್ನ ಪಾಡಿಗೆ ತಾನು ನಡುಗುತ್ತಿತ್ತು.

"ಪೆನ್ನಿನ ಮುಚ್ಚಳ ಬಿತ್ತು, ಹುಡುಕೋಕೆ ಬಗ್ಗಿದೆ. ದೀಪ ಕಾಣಿಸ್ತು. ವೈರ್ ಹಿಡ್ಕೊಂಡು ಹೋದೆ, ಕರಡು ನೋಡಿದ ಹಾಗೆ, ಒಂದೊಂದೇ. ಆಮೇಲೆ ಡಬ್ಬಿ ಬಿಟ್ಟು ಮೌಸನ್ನ ನೇರ ಹಾಕಿ ನೋಡಿದೆ." ಅವರು ಬಲಗೈಯನ್ನೇ ನೋಡಿಕೊಂಡರು. "ಬಾಣ ಹೇಗೆ ಒದ್ದಾಡ್ತು ಗೊತ್ತಾ? ಅದು ಮೌಸಲ್ಲ, ನಾನು. ಇಷ್ಟು ದಿನ ನೀನು ಅದನ್ನ ಒಳಗೇ ನುಂಗಿಸ್ತಾ ಇದ್ದೆ."

"ಆವಾಗ್ಲೇ ಹೇಳ್ಬಾರ್ದಿತ್ತಾ?"

"ಬಾಯಲ್ಲಿ ಹೇಳೋಕೆ ಆಗ್ಲಿಲ್ಲ ಕಣೇ. ಚೌಕದೊಳಗೆ ಆದ್ರೆ ಆಗುತ್ತೆ."

ಅಕ್ಕ ಅವರ ಲೋಟಕ್ಕೆ ಇನ್ನಷ್ಟು ಕಾಫಿ ಸುರಿದಳು. ಪೂರ್ತಿ ತುಂಬಿಸಿದಳು. ಅವರು ಎರಡೂ ಕೈಯಲ್ಲಿ ಹಿಡಿದು ಕುಡಿದರು. ಸ್ವಲ್ಪ ಚೆಲ್ಲಿತು, ಇಬ್ಬರೂ ಅದನ್ನು ಗಮನಿಸಿದ ಹಾಗೆ ಮಾಡಲಿಲ್ಲ.

ಮರುದಿನ ಪುರವಣಿಯ ಮೇಡಂ ಫೋನ್ ಮಾಡಿದರು. "ಸರ್, ಮನೆಗಳೆಲ್ಲ ಸರಿ ಇದ್ವು. ಆದ್ರೆ ಓದುಗರು ತಲೆ ತಿಂತಾ ಇದ್ದಾರೆ. ಮೇಜಿನ ಕೆಳಗೆ ಬೆಕ್ಕು ಇರುತ್ತೆ, ಡಬ್ಬಿ ಯಾಕಿರುತ್ತೆ ಅಂತ."

"ಒಬ್ಬರಿಗೆ ಅರ್ಥ ಆಗಿದೆ, ಸಾಕು ಬಿಡಿ" ಎಂದರು ಯಜಮಾನರು.

ಆ ವಾರವೇ ಡಾಕ್ಟರ ಹತ್ತಿರ ಹೋದರು. ವಯಸ್ಸಿಗೆ ಬರುವ ನಡುಕ, ಗಾಬರಿಯಾಗುವಂಥದ್ದಲ್ಲ ಎಂದು ಡಾಕ್ಟರು ಒಂದು ಮಾತ್ರೆ ಬರೆದುಕೊಟ್ಟರು. ಯಜಮಾನರು ಆ ಚೀಟಿಯ ಕಾಗುಣಿತವನ್ನು ಅಲ್ಲೇ ತಿದ್ದಲು ಹೊರಟಾಗ ಅಕ್ಕ ಕಾಲು ತುಳಿದಳು. ಡಬ್ಬಿಗೆ ಒಂದು ಸ್ವಿಚ್ ಬೇಕೆಂದು ಅವರೇ ಕೇಳಿದರು: ಕೈ ಚೆನ್ನಾಗಿದ್ದ ದಿನ ಆರಿಸುತ್ತೇನೆ, ಇಲ್ಲದ ದಿನ ಹಾಕಿಕೊಳ್ಳುತ್ತೇನೆ, ಯಾವ ದಿನ ಯಾವುದೆಂದು ನಾನೇ ನೋಡಿಕೊಳ್ಳುತ್ತೇನೆ ಎಂದು. ಅವಳು ಸ್ವಿಚ್ ಹಾಕಿಕೊಟ್ಟಳು. ಡಬ್ಬಿ ಮೇಜಿನ ಕೆಳಗಿನಿಂದ ಮೇಲಕ್ಕೆ ಬಂತು.

ಗ್ರಂಥಾಲಯದಲ್ಲಿ ಯಜಮಾನರು ಈಗ ಕೊಚ್ಚಿಕೊಳ್ಳುವುದು ಕೈಯ ವಿಷಯವಲ್ಲ, ಹೆಂಡತಿಯ ವಿಷಯ. ಅದನ್ನು ಕೇಳಿ ಮೊದಲು ಬಂದವರು ನಕ್ಷೆ ಬರೆಯುವ ಮುದುಕರೊಬ್ಬರು. ಆಮೇಲೆ ಒಬ್ಬ ನಿವೃತ್ತ ಟೈಪಿಸ್ಟಮ್ಮ. ಇಬ್ಬರಿಗೂ ಒಂದೊಂದು ಡಬ್ಬಿ ಆಯಿತು. ಒಬ್ಬೊಬ್ಬರ ನಡುಕ ಒಂದೊಂದು ಥರ. ಅಕ್ಕ ಎರಡು ದಿನ ಅವರ ಮೌಸಿನ ಓಡಾಟ ಬರೆದಿಟ್ಟುಕೊಂಡು, ಬಟ್ಟೆ ಅಳತೆ ತೆಗೆದ ಹಾಗೆ ಹದ ಮಾಡಿಕೊಡುತ್ತಿದ್ದಳು. ಜೊತೆಗೆ ಕೊಡುವ ಸೂಚನೆಯ ಹಾಳೆ ಬರೆಯುವುದು ಯಜಮಾನರ ಪಾಲಿಗೆ ಬಂತು. ಅಲ್ಲಿ ಜಗಳ ಶುರುವಾಯಿತು. ಅವರು ಡಬ್ಬಿಗೆ 'ಹಸ್ತಸ್ಥೈರ್ಯ ಸಾಧಕ' ಎಂದು ಹೆಸರಿಟ್ಟರು.

"ಇದನ್ನ ಉಚ್ಚಾರ ಮಾಡೋವಾಗ್ಲೇ ಅವರಿಗೆ ನಡುಕ ಬರುತ್ತೆ" ಎಂದಳು ಅಕ್ಕ. "ಮೌಸ್ ಡಬ್ಬಿ ಅಂತ ಬರೀರಿ."

ಎರಡು ದಿನ ಮಾತು ಬಿಟ್ಟರು. ಮೂರನೆಯ ದಿನ ಹಾಳೆ ಅಚ್ಚಾಗಿ ಬಂತು. ಮೇಲೆ ದಪ್ಪಕ್ಷರದಲ್ಲಿ 'ಮೌಸ್ ಡಬ್ಬಿ' ಎಂದೇ ಇತ್ತು. ಅವಳು ಗೆದ್ದೆನೆಂದು ಬೀಗುತ್ತ ಕೆಳಗಿನವರೆಗೂ ಓದಿದಳು. ಕಡೆಯ ಸಾಲು ಅವಳಿಗೆ ತೋರಿಸಿದ ಕರಡಿನಲ್ಲಿ ಇರಲಿಲ್ಲ: 'ವಿ.ಸೂ. ಬಾಣವು ತಾನಾಗಿ ಓಡಿದಲ್ಲಿ ಡಬ್ಬಿ ಕೆಟ್ಟಿದೆಯೆಂದು ತಿಳಿಯಬಾರದು. ಮಾಡಿದವಳ ಮುಂದೆ ಜಂಬ ಕೊಚ್ಚಿದ್ದೀರೆಂದು ತಿಳಿಯತಕ್ಕದ್ದು.'